ಕೊನೆಯ ಪ್ಯಾರಾ

ಮೇಷ್ಟ್ರಿಗೆ ನನ್ನ ಗುರುತು ಸಿಗಲಿಲ್ಲ. ಅವರನ್ನು ಗುರುತಿಸಲು ನನಗೆ ಅವರ ದನಿಯೇ ಸಾಕಾಯಿತು. ಹೈಸ್ಕೂಲಿನಲ್ಲಿ ಇಡೀ ತರಗತಿಯ ಮುಂದೆ ನನ್ನ ಪ್ರಬಂಧವನ್ನು ಹರಿದುಹಾಕಿ, "ಹಾಸ್ಟೆಲ್ ಹುಡುಗಿ ಇಷ್ಟು ಚೆನ್ನಾಗಿ ಬರೀತಾಳಾ? ಯಾರ ಕೈಲಿ ಬರೆಸಿದೆ, ಹೇಳು" ಎಂದಿದ್ದವರು ಇವರೇ.

ಕಾಲೇಜು ಅರ್ಜಿಗೆ ಬೇಕಾದ ಪ್ರಬಂಧ ಬರೆಯುವುದನ್ನು ಮಕ್ಕಳಿಗೆ ಕಲಿಸುವುದು ಈಗ ನನ್ನ ಕಸುಬು. ಅವರು ಮಗನನ್ನು ಕರೆತಂದಿದ್ದರು.

"ನೀವೇ ಬರೆದುಕೊಟ್ಬಿಡಿ ಮೇಡಂ. ಇವನ ಕೈಲಿ ಆಗಲ್ಲ."

"ಬರೆದುಕೊಡಲ್ಲ ಸರ್. ಇವನ ಕೈಲೇ ಬರೆಸ್ತೀನಿ."

ಕಾಲೇಜು ಕೊಟ್ಟ ವಿಷಯ, 'ನನ್ನನ್ನು ರೂಪಿಸಿದ ವ್ಯಕ್ತಿ'. ಹುಡುಗ ಅಪ್ಪನ ಬಗ್ಗೆಯೇ ಬರೆದ, ಅದೂ ತುಂಬು ಪ್ರೀತಿಯಿಂದ. ನಾನು ಪ್ರಶ್ನೆ ಕೇಳಿದೆನೇ ಹೊರತು ಒಂದು ಪದವನ್ನೂ ಸೇರಿಸಲಿಲ್ಲ. ಕೊನೆಯ ಪ್ಯಾರಾ ಮಾತ್ರ ಹೊಳೆಯುತ್ತಿಲ್ಲ ಎಂದ.

"ಇಷ್ಟನ್ನೇ ನಿಮ್ಮಪ್ಪನಿಗೆ ತೋರಿಸು," ಎಂದೆ. "ಅವರ ಬಾಯಿಂದಲೇ ಬರುತ್ತೆ."

ಮೇಷ್ಟ್ರು ನನ್ನೆದುರೇ ಕೂತು ಓದಿದರು. ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಆಮೇಲೆ ಮಗನ ಕಡೆ ತಿರುಗಿ ನಕ್ಕರು.

"ನೀನು ಇಷ್ಟು ಚೆನ್ನಾಗಿ ಬರೀತೀಯೇನೋ? ಯಾರ ಕೈಲಿ ಬರೆಸಿದೆ, ಹೇಳು."

ಹುಡುಗ ಅವರ ಕೈಯಿಂದ ಹಾಳೆಗಳನ್ನು ತೆಗೆದುಕೊಂಡು, ಪೆನ್ನಿನ ಕ್ಯಾಪ್ ಬಿಚ್ಚಿದ.

"ಮೇಡಂ, ಕೊನೆ ಪ್ಯಾರಾ ಸಿಕ್ತು."