ಹೆಪ್ಪಿನ ಬಟ್ಟಲು

ಹೆಂಡತಿ ತೀರಿಕೊಂಡ ಮೇಲೆ ಗಂಗಾಧರಯ್ಯ ಒಲೆ ಹಚ್ಚುವುದನ್ನೇ ಬಿಟ್ಟಿದ್ದರು. ಮಧ್ಯಾಹ್ನವಾದರೂ ಬಾಗಿಲು ತೆರೆಯುತ್ತಿರಲಿಲ್ಲ. ಒಂದು ಬೆಳಗ್ಗೆ ಅದೇ ವಠಾರದ ಲೀಲಾ ಬಟ್ಟಲು ಹಿಡಿದು ಬಂದು ಬಾಗಿಲು ತಟ್ಟಿದಳು.

“ತಾತ, ಹಾಲಿಗೆ ಹಾಕೋಕೆ ಒಂಚೂರು ಹೆಪ್ಪು ಕೊಡ್ತೀರಾ?”

ಮನೆಯಲ್ಲಿ ಒಂದು ಹನಿ ಮೊಸರಿರಲಿಲ್ಲ. ಇಲ್ಲವೆನ್ನುವಾಗ ಅವರ ಮುಖ ಸಣ್ಣಗಾಯಿತು. ಅಂದೇ ಹಾಲು ತಂದು ಕಾಯಿಸಿ, ಹೋಟೆಲಿನಿಂದ ಚೂರು ಮೊಸರು ತಂದು ಹೆಪ್ಪು ಹಾಕಿದರು. ಆಮೇಲೆ ದಿನವೂ ಯಾವುದಾದರೊಂದು ಮನೆಯಿಂದ ಬಟ್ಟಲು ಬರತೊಡಗಿತು. ಅದು ಬರುವ ಹೊತ್ತಿಗೆ ಗಂಗಾಧರಯ್ಯ ಸ್ನಾನ ಮುಗಿಸಿ, ಒಗೆದ ಪಂಚೆ ಉಟ್ಟು ಕಾದಿರುತ್ತಿದ್ದರು. ಹೇಗೂ ಮೊಸರಿದೆಯಲ್ಲ ಎಂದು ಅನ್ನವನ್ನೂ ಮಾಡಿಕೊಳ್ಳತೊಡಗಿದರು.

ಬರಬರುತ್ತಾ ಜಂಬವೂ ಬಂತು. ಇವತ್ತು ಬಟ್ಟಲು ಹಿಡಿದು ಬಂದ ಲೀಲಾಳನ್ನು, ನಲ್ಲಿಯ ಹತ್ತಿರ ನಿಂತವರಿಗೆಲ್ಲ ಕೇಳುವಂತೆ ತರಾಟೆಗೆ ತೆಗೆದುಕೊಂಡರು.

“ಹೆಪ್ಪಿಗೂ ಕೈಯೊಡ್ಡಬೇಕಾ? ಒಂದು ಚಮಚ ಮೊಸರು ಉಳಿಸಿಕೊಳ್ಳೋಕೆ ಬರದವರು ಅದೇನು ಸಂಸಾರ ಮಾಡ್ತೀರೋ! ನಾನೊಬ್ಬ ಇಲ್ಲದಿದ್ರೆ ಇಡೀ ವಠಾರಕ್ಕೆ ಮಜ್ಜಿಗೆಯೇ ಇರ್ತಿರಲಿಲ್ಲ.”

“ಮರೆತುಹೋಯ್ತು ತಾತ,” ಎಂದು ತಲೆ ತಗ್ಗಿಸಿ, ಬಟ್ಟಲನ್ನು ಜಗುಲಿಯ ಮೇಲೇ ಬಿಟ್ಟು ಹೊರಟುಹೋದಳು.

ಅಷ್ಟು ಅನ್ನಬಾರದಿತ್ತು ಎಂದು ಗಂಗಾಧರಯ್ಯನವರಿಗೆ ಅನ್ನಿಸಿತು. ಬಟ್ಟಲಿಗೆ ಹೆಪ್ಪು ಹಾಕಿಕೊಂಡು ತಾವೇ ಅವಳ ಮನೆಗೆ ಹೋದರು. ತೆರೆದ ಬಾಗಿಲಿನಿಂದಲೇ, ಅಡುಗೆಕಟ್ಟೆಯ ಮೇಲಿದ್ದ ಪಾತ್ರೆ ತುಂಬ ಗಟ್ಟಿ ಮೊಸರು ಕಂಡಿತು. ಲೀಲಾ ಹಿತ್ತಿಲಲ್ಲಿ ನಿಂತು ಪಕ್ಕದ ಮನೆಯಾಕೆಗೆ ಕೂಗಿ ಹೇಳುತ್ತಿದ್ದಳು:

“ಅಕ್ಕಾ, ತಾತ ಎದ್ದಿದ್ದಾರೆ, ಸ್ನಾನವೂ ಆಗಿದೆ. ಚೆನ್ನಾಗಿ ಬೈದ್ರು, ಗಟ್ಟಿಯಾಗೇ ಇದ್ದಾರೆ. ನಾಳೆ ಹೆಪ್ಪು ಕೇಳೋ ಸರದಿ ನಿಮ್ಮದು, ಮರೀಬೇಡಿ.”