ಕರಿಯವ್ವ ತುತ್ತು ಮುಟ್ಟಲಿಲ್ಲ

ಪಾಳಿ ಮುಗಿದಿತ್ತು. ಗಣಿಯ ಉಗಿಬಂಡಿ ಕರಿಯವ್ವನ ಬಾಯಿಗೆ ಡ್ರೈವರ್ ಶರಣವ್ವ ಎಂದಿನಂತೆ ಕಲ್ಲಿದ್ದಲ ತುತ್ತು ಹಿಡಿದಳು. ಕರಿಯವ್ವ ಮುಖ ತಿರುಗಿಸಿದಳು.

“ಎಲ್ಲಾರೂ ಮ್ಯಾಲ ಬಂದಾರ, ಹಾಜರಿ ಆಗೇತಿ. ಗಾಡಿ ಬಿಡ್ರಿ,” ಎಂದ ಹೊಸ ಮ್ಯಾನೇಜರ್. “ಈ ಮುದಿ ಕಬ್ಬಿಣಾನ ನಾಳೆ ಗುಜರಿಗೆ ಹಾಕೂಣು.”

“ತಳಗ ಯಾರೋ ಉಳದಾರ್ರೀ ಸಾಹೇಬ್ರ. ಅವರು ಬರೂತನಕ ಇಕಿ ಉಣ್ಣಂಗಿಲ್ಲ,” ಎಂದಳು ಶರಣವ್ವ.

ಗಣಿಗಿಳಿದವರ ತಲೆ ಎಣಿಸುವುದರಲ್ಲಿ ಕರಿಯವ್ವನ ಲೆಕ್ಕ ತಪ್ಪಿದ್ದನ್ನು ಅವಳು ಎಂದೂ ಕಂಡಿರಲಿಲ್ಲ. ಮ್ಯಾನೇಜರ್ ನಕ್ಕ, ಗಣಿಯವರು ನಗಲಿಲ್ಲ. ಹಗ್ಗ, ದೀಪ ಹಿಡಿದು ಕೆಳಗಿಳಿದರು. ಕುಸಿದ ಮಣ್ಣಿನಡಿಯಿಂದ ತಮ್ಮದೇ ಪಾಳಿಯ ಮಾನಪ್ಪನನ್ನು ಎತ್ತಿ ತಂದರು. ಅವನಿಗಿನ್ನೂ ಉಸಿರಿತ್ತು. ಹಾಜರಿಯಲ್ಲಿ ಅವನ ಸಹಿಯನ್ನು ಗೆಳೆಯನೊಬ್ಬ ಹಾಕಿಬಿಟ್ಟಿದ್ದ.

ಕರಿಯವ್ವ ಉದ್ದಕ್ಕೆ ಕೂಗಿದಳು. ಮ್ಯಾನೇಜರ್ ಟೊಪ್ಪಿಗೆ ತೆಗೆದ. ಶರಣವ್ವನ ಕೈಯಿಂದ ಕಲ್ಲಿದ್ದಲು ತಾನೇ ಇಸಿದುಕೊಂಡು, ಹಣೆಗೊತ್ತಿ, ಬಂಡಿಯ ಬಾಯಿಗೆ ಹಿಡಿದ.

“ಈಗರ ಉಣ್ಣವ್ವಾ.”