ಗಾಲಿಯ ಮುಂದೆ

ಗಲಭೆಯಲ್ಲಿ ಮನೆ ಕಳೆದುಕೊಂಡವರಿಗೆ ಊರಾಚೆ ಜಾಗ ಕೊಟ್ಟಿದ್ದರು. ಎಲ್ಲ ತಣ್ಣಗಾದ ಮೇಲೆ ನಗರ ಒಂದೇ ಸಮನೆ ಬೆಳೆಯಿತು. ಅದರ ಕಸವನ್ನೆಲ್ಲ ಈ ಜನರ ಮನೆಗಳ ಪಕ್ಕದ ಬಯಲಿಗೇ ಸುರಿಯಬೇಕೆಂದು ನಗರಪಾಲಿಕೆ ತೀರ್ಮಾನಿಸಿತು. ಮೊದಲ ಲಾರಿಯ ಜೊತೆ ಎಂಜಿನಿಯರ್ ದೇಶಮಾನೆ ತಾನೇ ಬಂದ. ಬಯಲು ಮುಟ್ಟುವಷ್ಟರಲ್ಲಿ ಫಕೀರವ್ವ ಎಂಬ ಹೆಂಗಸು ಗಾಲಿಯ ಮುಂದೆ ಅಡ್ಡ ಮಲಗಿಬಿಟ್ಟಳು. ಡ್ರೈವರ್ ಎಂಜಿನ್ ಆರಿಸಿ ಸುಮ್ಮನೆ ಕುಳಿತ.

"ಏಳವ್ವ ಮ್ಯಾಲೆ!" ದೇಶಮಾನೆ ಇಳಿದು ಗದರಿದ.

"ಏಳಂಗಿಲ್ರೀ. ಕರ್ಫ್ಯೂದಾಗ ನನ್ನ ಗಂಡನ್ನ ಇಲ್ಲೇ ಮಣ್ಣು ಮಾಡೇನಿ. ಅವನ ಮ್ಯಾಲೆ ಊರ ಹೊಲಸು ಸುರೀತೀರೇನು? ಮೊದಲ ನನ್ನ ಮ್ಯಾಲೆ ಗಾಡಿ ಹಾಯಿಸ್ರಿ."

ಸುತ್ತ ಜನ ಸೇರತೊಡಗಿದರು. ಮತ್ತೆ ಗಲಾಟೆ ಎದ್ದರೆ ತನ್ನ ತಲೆಗೇ ಬರುತ್ತದೆಂದು ದೇಶಮಾನೆ ದನಿ ತಗ್ಗಿಸಿದ.

"ಹಂಗಾರ ಕಸ ಎಲ್ಲಿ ಹಾಕೂಣು, ನೀನ ಹೇಳು."

"ನಿಮ್ಮ ನಿಮ್ಮ ಓಣ್ಯಾಗ ಹಸೀದು ಒಣಾದು ಬ್ಯಾರೆ ಮಾಡ್ರಿ. ಹಸೀದು ಗೊಬ್ಬರ ಆಕ್ಕೈತಿ. ನಾವು ಮಾಡಾಕತ್ತಿಲ್ಲೇನು?"

ಅವಳು ಏಳಲಿಲ್ಲ. ಕೊನೆಗೆ, ಇಲ್ಲಿ ಕಸ ಸುರಿಯುವುದಿಲ್ಲ, ವಾರ್ಡಿನಲ್ಲೇ ಬೇರ್ಪಡಿಸಿ ಗೊಬ್ಬರ ಮಾಡಿಸುತ್ತೇನೆ ಎಂದು ಎಲ್ಲರೆದುರು ಮಾತು ಕೊಟ್ಟು ಅವನು ಲಾರಿ ಹತ್ತಿದ. ಒಂದು ಹನಿ ಕಣ್ಣೀರಿಲ್ಲದ ಅವಳ ಮುಖ ಅವನ ಕಣ್ಣ ಮುಂದಿನಿಂದ ಸರಿಯಲೊಲ್ಲದು.

"ಪಾಪ, ಆಕಿ ಗಂಡ ಹೆಂಗ ಸತ್ತನೋ ಏನೋ," ಎಂದ.

ಡ್ರೈವರ್ ಗೇರು ಬದಲಿಸಿ, ಕನ್ನಡಿಯಲ್ಲಿ ಹಿಂದೆ ನೋಡುತ್ತ ಹೇಳಿದ: "ಸತ್ತಿಲ್ರೀ ಸಾಹೇಬ್ರ. ಲಾರಿ ರಿವರ್ಸ್ ತಗೊಳ್ಳಾಕತ್ತಾನ."